ಹತ್ತು ಅಂಕದ ರಾಣಿ

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವವರ ಮಗಳು ಬಿ.ಎ. ಓದುತ್ತಾಳೆ. ಹೋದ ತಿಂಗಳು ಒಂದು ಸಂಜೆ ಝೆರಾಕ್ಸ್ ಹಾಳೆಗಳ ಕಟ್ಟು ಹಿಡಿದುಕೊಂಡು ಕೆಳಗೆ ಬಂದಳು. 'ಆಂಟಿ, ನೀವು ಕನ್ನಡ ಮೇಡಂ ಆಗಿದ್ರಂತಲ್ಲ, ಇದೊಂದು ನೋಡಿ. ಹತ್ತು ಅಂಕಕ್ಕೆ ಇಷ್ಟು ಸಾಕಾ?' ಎಂದಳು. ಪ್ರಶ್ನೆ, ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಯ ಪಾತ್ರವನ್ನು ಚಿತ್ರಿಸಿ ಎಂಬುದು. ಉತ್ತರ ಒಂದೂವರೆ ಪುಟ, ಅಂಶಗಳಾಗಿ. ಅಮೃತಮತಿ ಪುರುಷಪ್ರಧಾನ ವ್ಯವಸ್ಥೆಯ ಬಲಿಪಶು. ತನ್ನ ದೇಹದ ಮೇಲಿನ ಹಕ್ಕನ್ನು ತಾನೇ ಸಾರಿಕೊಂಡ ದಿಟ್ಟೆ. ಅರಮನೆಯ ಪಂಜರ ಮುರಿದ ಹಕ್ಕಿ. ಜಾತಿ ಅಂತಸ್ತುಗಳನ್ನು ಮೀರಿದ ಪ್ರೇಮಿ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಸಂಗತಿ ಕೊನೆಯಲ್ಲಿ ಅರ್ಧ ಸಾಲು, ಅದರ ಹಿಂದೆ 'ಅನಿವಾರ್ಯವಾಗಿ' ಎಂಬ ಮಾತು.

'ಸಾಕಮ್ಮ, ಎಂಟು ಬರುತ್ತೆ' ಎಂದೆ. ಹುಡುಗಿ ಖುಷಿಯಾಗಿ ಮಹಡಿ ಹತ್ತಿ ಹೋದಳು.

1984ರಲ್ಲಿ ನಾನೂ ಇದೇ ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಗಲೂ ಅಂಶಗಳಾಗಿಯೇ. ವಿಷಯಲಂಪಟೆ, ಕುಲಗೇಡಿ, ರೂಪ ಅರೂಪಗಳ ವಿವೇಕವಿಲ್ಲದವಳು, ಪತಿಘಾತಕಿ, ಕೊನೆಗೆ ನರಕಕ್ಕಿಳಿದವಳು. ಇವಳ ಹಾಳೆಯನ್ನೂ ನನ್ನ ಹಳೆಯ ನೋಟ್ ಬುಕ್ಕನ್ನೂ ಅಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಹೆಂಗಸರ ವಿಷಯ ಬರೆದಿದ್ದೇವೆ ಅನ್ನಿಸಬೇಕು. ಆದರೆ ಬರೆದ ರೀತಿ ಒಂದೇ. ಬಾಯಿಪಾಠಕ್ಕೆ ಸಿಗುವ ಹಾಗೆ ರಾಣಿಯನ್ನು ತುಂಡು ಮಾಡಿ, ತುಂಡಿಗೆ ಎರಡು ಅಂಕದಂತೆ ಹಂಚಿದ್ದೇವೆ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರು. ಕಾಲೇಜಿಗೆ ಸ್ವಂತ ಕಟ್ಟಡ ಬಂದಿತ್ತಾದರೂ ಹಿಂದಿನ ಕೋಣೆಗಳಿಗೆ ಇನ್ನೂ ಶೀಟಿನ ಚಾವಣಿ. ಆಷಾಢದ ಮಳೆ ಹಿಡಿದರೆ ಪಾಠ ನಿಲ್ಲಿಸಿ ಎಲ್ಲರೂ ಸುಮ್ಮನೆ ಕೂತಿರಬೇಕು. ಐಚ್ಛಿಕ ಕನ್ನಡ ತೆಗೆದುಕೊಂಡವರು ಬೆರಳೆಣಿಕೆಯಷ್ಟು ಜನ. ಹುಡುಗಿಯರಿಗೆ ಮುಂದಿನ ಬೆಂಚು, ಹುಡುಗರಿಗೆ ಒಂದು ಖಾಲಿ ಬೆಂಚು ಬಿಟ್ಟು ಹಿಂದಿನವು. ಆ ಖಾಲಿ ಬೆಂಚು ಯಾರ ಆದೇಶವೋ ನಮಗೆ ಗೊತ್ತಿರಲಿಲ್ಲ. ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ.

ಹಳಗನ್ನಡ ಹೇಳುತ್ತಿದ್ದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿದ್ದವರು. ಸೈಕಲ್ ಚೈನಿಗೆ ಸಿಕ್ಕದಿರಲೆಂದು ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು ಹಾಕಿಕೊಂಡು ಬರುವರು, ಅದನ್ನು ತೆಗೆಯಲು ಮರೆತು ಪಾಠಕ್ಕೆ ನಿಲ್ಲುವರು. ಪುಸ್ತಕ ತೆರೆದದ್ದನ್ನು ನಾನು ನೋಡಿದ ನೆನಪಿಲ್ಲ. 'ಯಶೋಧರ ಚರಿತೆ' ಬಹುಪಾಲು ಕಂದಪದ್ಯಗಳಲ್ಲೇ ಇರುವ ಕಾವ್ಯ. ಆ ಪುಟ್ಟ ಪದ್ಯಗಳನ್ನು ಒಂದರ ಹಿಂದೊಂದು ರಾಗವಾಗಿ ಓದಿಕೊಂಡು ಹೋಗುವರು, ನಡುವೆ ನಿಂತು ಅರ್ಥ ಹೇಳುವರು. 1209ರಲ್ಲಿ ಬರೆದ ಕಾವ್ಯ, ಬರೆದವನು ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನ್ನಿಸಿಕೊಂಡವನು ಎಂದು ಹೇಳುವಾಗ, 'ಇಲ್ಲೇ ಹಳೇಬೀಡಿನಲ್ಲಿ ಕಣ್ರಪ್ಪ, ನಮ್ಮ ಪಕ್ಕದೂರಲ್ಲಿ' ಎಂದು ಸೇರಿಸುವರು. ಜನ್ನ ಅವರಿಗೆ ಕವಿಗಿಂತ ಹೆಚ್ಚಾಗಿ ನಮ್ಮ ಜಿಲ್ಲೆಯವನು.

ಕಥೆ ತಿಳಿಯದವರಿಗಾಗಿ ಹೇಳಬೇಕು. ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ, ಅವನ ತಾಯಿ ಚಂದ್ರಮತಿ. ಒಂದು ನಸುಕಿನಲ್ಲಿ, ಅರಸ ಪಕ್ಕದಲ್ಲಿ ಮಲಗಿರುವಾಗ, ಆನೆ ಕಟ್ಟುವ ಸಾಲೆಯ ಕಡೆಯಿಂದ ಮಾವುತನೊಬ್ಬ ತನ್ನ ಪಾಡಿಗೆ ಹಾಡಿಕೊಳ್ಳುವುದು ರಾಣಿಗೆ ಕೇಳಿಸುತ್ತದೆ. ರಾಗ ಮಾಳವಸಿರಿ. ಅವಳ ಮನಸ್ಸು ಹೋಗಿಬಿಡುತ್ತದೆ. ಆ ಮಾವುತ ಅಷ್ಟಾವಂಕ; ನೋಡಲಾಗದಷ್ಟು ಕುರೂಪಿ. ರಾಣಿ ರಾತ್ರಿ ಅವನಲ್ಲಿಗೆ ಹೋಗತೊಡಗುತ್ತಾಳೆ. ಅರಸನಿಗೆ ಅನುಮಾನ ಬಂದು ಹಿಂಬಾಲಿಸಿ ಎಲ್ಲವನ್ನೂ ಕಾಣುತ್ತಾನೆ, ಕತ್ತಿ ಹಿರಿಯುತ್ತಾನೆ, ತಡೆದುಕೊಂಡು ಹಿಂದಿರುಗುತ್ತಾನೆ. ತಾಯಿಯ ಹತ್ತಿರ ಕೆಟ್ಟ ಕನಸು ಕಂಡೆ ಎಂದಷ್ಟೇ ಹೇಳುತ್ತಾನೆ. ತಾಯಿ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಅವನು ಒಲ್ಲೆನೆಂದು, ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಕಡಿಯಲು ಒಪ್ಪುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೊರಟ ಗಂಡನನ್ನೂ ಅತ್ತೆಯನ್ನೂ ಅಮೃತಮತಿ ಊಟಕ್ಕೆ ಕರೆದು ವಿಷವಿಕ್ಕಿ ಕೊಲ್ಲುತ್ತಾಳೆ. ಕೊಲ್ಲುವ ಸಂಕಲ್ಪವೂ ಕೊಲೆಯೇ ಆದ್ದರಿಂದ, ಹಿಟ್ಟಿನ ಕೋಳಿಯ ಪಾಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿ ಎಂದು ಜನ್ಮ ಜನ್ಮ ತೊಳಲುತ್ತಾರೆ. ಕಥೆ ಜನ್ನನ ಸ್ವಂತದ್ದಲ್ಲ. 959ರಲ್ಲಿ ಸೋಮದೇವಸೂರಿ ಇದನ್ನೇ 'ಯಶಸ್ತಿಲಕ ಚಂಪು'ವಿನಲ್ಲಿ ಬರೆದಿದ್ದ. ವಾದಿರಾಜನ ಸಂಸ್ಕೃತ ಕಾವ್ಯವನ್ನು ಜನ್ನ ಎದುರಿಗಿಟ್ಟುಕೊಂಡಿದ್ದ.

ಮೇಷ್ಟ್ರು ಆ ನಸುಕಿನ ಪದ್ಯಕ್ಕೆ ಬಂದ ದಿನ ಮಳೆಯಿರಲಿಲ್ಲ. ದೊಡ್ಡವರು ಗಾಯಕನಿಗೆ ಉಡುಗೊರೆ ಕೊಡುವಂತೆ ರಾಣಿ ತನ್ನ ಮನಸ್ಸನ್ನೇ ತಟ್ಟನೆ ಕೊಟ್ಟಳು ಎಂದು ಜನ್ನ ಹೇಳುವ ಪದ್ಯ ಅದು. ಮೇಷ್ಟ್ರು ಒಮ್ಮೆ ಓದಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಓದಿದರು. ಅವರ ದನಿ ಅಂಥಾ ದೊಡ್ಡ ದನಿಯೇನಲ್ಲ, ಆದರೆ ಕೊನೆಯ ಸಾಲಿಗೆ ಬರುವಾಗ ಹಿಂದಿನ ಬೆಂಚಿನ ಕಾಲಾಟವೂ ನಿಂತಿತ್ತು. ಆಮೇಲೆ ಕಣ್ಣು ಬಿಟ್ಟು, 'ಬರ್ಕೊಳ್ಳಿ. ಅಮೃತಮತಿಯ ಪಾತ್ರ. ಒಂದು, ಅತಿಯಾದ ವಿಷಯಲಂಪಟತೆ' ಎಂದರು. ನಾವು ಬರೆದುಕೊಂಡೆವು. ಪಾಪವೆಂದು ಬರೆಸಬೇಕಾದ ಪದ್ಯವನ್ನು ಅವರು ಅಷ್ಟು ಚೆನ್ನಾಗಿ ಹಾಡಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಅವರೊಳಗಿನ ರಸಿಕನಿಗೂ ಅವರು ಬರೆಸುವ ನೋಟ್ಸಿಗೂ ಮಾತುಕತೆಯೇ ಇರಲಿಲ್ಲ. ನನಗೆ ಹಳಗನ್ನಡದ ರುಚಿ ಹತ್ತಿಸಿದವರು ಅವರೇ, ನಿಜ. ಆದರೆ ಕಾವ್ಯ ಒಂದು ಹೇಳಿದರೆ ನೋಟ್ಸು ಇನ್ನೊಂದು ಹೇಳಬಹುದು, ಪರೀಕ್ಷೆಗೆ ಎರಡನೆಯದೇ ಲೆಕ್ಕಕ್ಕೆ ಬರುವುದು ಎಂಬ ಕೆಟ್ಟ ಪಾಠವನ್ನೂ ಅವರಿಂದಲೇ ಕಲಿತೆವು.

ಮುಂದಿನ ಕೆಲವು ಪದ್ಯಗಳಿಗೆ ಅವರು, 'ಇವು ಸುಲಭವಾಗಿವೆ, ಮನೇಲಿ ಓದ್ಕೊಳ್ಳಿ' ಎಂದರು. ಹಳಗನ್ನಡದಲ್ಲಿ ಸುಲಭವಾದ್ದು ಯಾವುದಿದೆ? ಹುಡುಗರು ಹಿಂದಿನಿಂದ ಕೆಮ್ಮಿದರು, ನಾವು ತಲೆ ತಗ್ಗಿಸಿದೆವು. ಓದಿಕೊಂಡು ಬಂದವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಒಬ್ಬಳೇ. ಅಕ್ಕಿ ಮಿಲ್ಲಿನ ಗುಮಾಸ್ತರ ಮಗಳು. ಯಾರಾದರೂ ಬೇಡವೆಂದದ್ದನ್ನು ಓದದೆ ಬಿಡುವ ಜಾಯಮಾನದವಳಲ್ಲ. ಲೈಬ್ರರಿಯ ನಿಘಂಟು ಇಟ್ಟುಕೊಂಡು ಬಿಟ್ಟ ಪದ್ಯಗಳನ್ನೆಲ್ಲ ಬಿಡಿಸಿ, ಮರುದಿನ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುವಾಗ ನನಗೆ ಹೇಳಿದಳು. ದಾಸಿ ಹೋಗಿ ಮಾವುತನನ್ನು ನೋಡಿಕೊಂಡು ಬಂದು, ಅಮ್ಮಾ ಇದೆಂಥವನನ್ನು ಬಯಸಿದಿರಿ ಎಂದು ಹಂಗಿಸುತ್ತಾಳಂತೆ. ರಾಣಿ ನಾಚಿಕೊಳ್ಳುವುದಿಲ್ಲವಂತೆ. ಒಲಿದ ಮೇಲೆ ರೂಪದ ಲೆಕ್ಕವೇನು, ನನಗೆ ಅವನೇ ದೇವರು ಎಂಬರ್ಥದ ಮಾತಾಡುತ್ತಾಳಂತೆ.

'ಕೆಟ್ಟವಳೇ ಕಣೇ' ಎಂದಳು ಗೆಳತಿ, ಚಿತ್ರಾನ್ನ ಬಾಯಿಗಿಟ್ಟುಕೊಳ್ಳುತ್ತಾ. 'ಆದ್ರೆ ಮೇಷ್ಟ್ರು ಬರೆಸಿದಷ್ಟು ದಡ್ಡಿ ಅಲ್ಲ. ಏನ್ ಮಾಡ್ತಿದೀನಿ ಅಂತ ಗೊತ್ತಿದ್ದೇ ಮಾಡ್ತಾಳೆ.'

ಆ ವರ್ಷವೇ ನಮ್ಮ ಬೀದಿಗೂ ಒಬ್ಬ ಅಮೃತಮತಿ ಬಂದಳು. ಬಂದಳು ಎನ್ನುವುದಕ್ಕಿಂತ, ಮೊದಲಿನಿಂದ ಇದ್ದವಳಿಗೆ ಆ ಹೆಸರು ಬಂತು. ಬೀದಿಯ ಕೊನೆಯ ವಠಾರದಲ್ಲಿ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ನುಡಿಸುವವನೊಬ್ಬನ ಜೊತೆ ಒಬ್ಬ ಹೆಂಗಸು ಇದ್ದಳು. ಬೇರೆ ಊರಿನಲ್ಲಿ ಗಂಡನನ್ನು ಬಿಟ್ಟು ಇವನ ಹಿಂದೆ ಬಂದವಳು ಎಂದು ಮಾತು. ಗಂಡ ಅಂಗಡಿ ಇಟ್ಟುಕೊಂಡ ಅನುಕೂಲಸ್ಥನಂತೆ ಎಂದು ಕೆಲವರು, ಅಲ್ಲ, ಅವನೇ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ಹೊರಹಾಕಿದನಂತೆ ಎಂದು ಕೆಲವರು. ನಮ್ಮ ಕ್ಲಾಸಿನ ಹುಡುಗರು ಈ 'ಅಂತೆ'ಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಅವಳು ನಲ್ಲಿಗೆ ಬಿಂದಿಗೆ ಹಿಡಿದು ಹೊರಟರೆ, 'ಅಮೃತಮತಿ ಬಂದ್ಲು, ಆನೆ ಎಲ್ಲೋ?' ಎನ್ನುವರು. ಅವಳಿಗೆ ಅದು ಯಾರೆಂದು ಗೊತ್ತಿರುವುದು ಹೇಗೆ? ನಗುವಿನ ಧಾಟಿ ಮಾತ್ರ ಗೊತ್ತಾಗುತ್ತಿತ್ತು. ತಲೆ ಮೇಲೆ ಸೆರಗು ಎಳೆದುಕೊಂಡು ಹೋಗುವಳು. ಓದಿದ ಕಾವ್ಯ ಜೀವನಕ್ಕೆ ಉಪಯೋಗಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅವಳು ನಮ್ಮ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದಳು. ಬೇರೆ ಮನೆಗಳಲ್ಲಿ ಇಲ್ಲವೆನ್ನುತ್ತಿದ್ದರೇನೋ. ಅಮ್ಮ ಲೋಟದಲ್ಲಿ ಕೊಟ್ಟು ಎರಡು ಮಾತಾಡಿ ಕಳಿಸುವರು. ಒಮ್ಮೆ ಅವಳ ಎಡಗಣ್ಣಿನ ಕೆಳಗೆ ಕಪ್ಪಾಗಿ ಊದಿಕೊಂಡಿತ್ತು. ಅಮ್ಮ ಏನೂ ಕೇಳಲಿಲ್ಲ. ಅವಳೂ ಬಿದ್ದೆ ಗಿದ್ದೆ ಎಂದು ಸುಳ್ಳು ಹೇಳಲಿಲ್ಲ. ಹೋದ ಮೇಲೆ ಅಮ್ಮ, 'ಆ ಊದೋ ಗಂಡಸು ಕೈ ಮಾಡ್ತಾನೆ ಕಣೆ' ಎಂದರು.

ಅಮ್ಮ ಓದಿದ್ದು ಲೋವರ್ ಸೆಕೆಂಡರಿವರೆಗೆ. ಪರೀಕ್ಷೆಗೆ ನಾನು ಗಟ್ಟಿಯಾಗಿ ಓದಿಕೊಳ್ಳುವಾಗ ಅಡುಗೆಮನೆಯಿಂದಲೇ ಕೇಳಿಸಿಕೊಂಡು, ಕಥೆಯ ಭಾಗ ಬಂದರೆ ನಡುವೆ ಬಾಯಿ ಹಾಕುವರು. ಕಾವ್ಯದಲ್ಲೂ ಮಾವುತ ಹೊಡೆಯುತ್ತಾನೆ. ರಾಣಿ ಒಂದು ರಾತ್ರಿ ತಡವಾಗಿ ಬಂದಳೆಂದು ಅವಳ ಕೂದಲು ಹಿಡಿದೆಳೆದು ಬಡಿಯುತ್ತಾನೆ. ಅವಳು ಅವನ ಕಾಲು ಹಿಡಿದು, ಅರಸ ಬಿಡಲಿಲ್ಲ, ಅದಕ್ಕೇ ತಡವಾಯಿತು, ನೀನು ಕೈಬಿಟ್ಟರೆ ಸಾಯುತ್ತೇನೆ, ಬೇರೆ ಗಂಡಸರು ನನಗೆ ಒಡಹುಟ್ಟಿದವರ ಸಮಾನ ಎನ್ನುತ್ತಾಳೆ. ಮರೆಯಲ್ಲಿ ನಿಂತ ಗಂಡ ಈ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾನೆ. ಇಷ್ಟನ್ನು ನಾನು ಗದ್ಯಾನುವಾದದಲ್ಲಿ ಓದಿದಾಗ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

'ಇಲ್ಲೂ ಹೊಡೀತಾನಾ? ಹಾಗಾದ್ರೆ ಹೋಗಿ ಏನ್ ಸುಖಪಟ್ಟಳೇ ಅವಳು?'

ನನಗೆ ಉತ್ತರ ತಿಳಿಯಲಿಲ್ಲ. ಪಾಪದ ಫಲ ಎಂದೋ ಏನೋ ನೋಟ್ಸಿನಲ್ಲಿದ್ದದ್ದು ಹೇಳಿದೆ.

'ಅದಿರ್ಲಿ, ಅರಸನ ಪಕ್ಕ ಮಲಗಿದ್ದವಳಿಗೆ ಬೆಳಗಿನ ಜಾವ ನಿದ್ದೆ ಯಾಕೆ ಬರ್ಲಿಲ್ಲ? ಅದನ್ನ ಯಾರೂ ಕೇಳ್ಲಿಲ್ವಾ ನಿಮ್ಮ ಕಾಲೇಜಲ್ಲಿ?'

ಎಂ.ಎ.ಗೆ ಮೈಸೂರಿನ ಮಾನಸಗಂಗೋತ್ರಿಗೆ ಹೋದ ಮೇಲೆ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ, ಯಾವ ಪದ್ಯವನ್ನೂ ಬಿಡದೆ ಓದುವ ಅವಕಾಶವಾಯಿತು. ಅಮ್ಮನ ಎರಡು ಪ್ರಶ್ನೆಗಳೂ ಅಲ್ಲಿ ವಿಮರ್ಶಕರ ಭಾಷೆಯಲ್ಲಿ ಚರ್ಚೆಯಾಗುತ್ತಿದ್ದವು. ಆದರೆ ಅಮ್ಮ ಕೇಳಿದಷ್ಟು ನೇರವಾಗಿ ಅಲ್ಲ. ನನ್ನನ್ನು ಆಗ ಬೆರಗುಗೊಳಿಸಿದ್ದು ಜನ್ನನೇ. ಈ ಮನುಷ್ಯ ಅಮೃತಮತಿಯನ್ನು ಕೊನೆಗೆ ನರಕಕ್ಕೆ ಕಳಿಸುವವನು, ಅದರಲ್ಲಿ ಅವನಿಗೆ ಯಾವ ಅನುಮಾನವೂ ಇಲ್ಲ. ಆದರೂ ಆ ಹಾಡನ್ನು ಕೊಟ್ಟಿದ್ದಾನೆ, ದಾಸಿಗೆ ಅವಳು ಕೊಡುವ ತಲೆಯೆತ್ತಿದ ಉತ್ತರವನ್ನು ಕೊಟ್ಟಿದ್ದಾನೆ. ಒಂದೆಡೆ ಕಥೆಯನ್ನು ನಿಲ್ಲಿಸಿ, ಕಾಮನ ಮಾಯೆಗೆ ವಿಧಿಯ ಬೆಂಬಲವೂ ಸಿಕ್ಕರೆ ಅದು ಮನುಷ್ಯರನ್ನು ಕೊಲ್ಲದೆ ಬಿಟ್ಟೀತೇ ಎನ್ನುವ ಅರ್ಥದ ಮಾತಾಡುತ್ತಾನೆ. ಇದು ಹೊಲಸು ಹೆಂಗಸೊಬ್ಬಳ ಕಥೆ ಹೇಳುವವನ ದನಿ ಅಲ್ಲ. ನಮ್ಮ ಮೇಷ್ಟ್ರು ಎರಡನೆಯ ಸಲ ಓದುವಾಗ ಕಣ್ಣು ಮುಚ್ಚಿದ್ದು ಸುಮ್ಮನೆ ಅಲ್ಲ.

ಅದೇ ಹೊತ್ತಿಗೆ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಕೈಗೆ ಬಂತು. 1980ರ ನಾಟಕ. ರಾಜ, ರಾಣಿ, ರಾಜಮಾತೆ, ಮಾವುತ, ಇಷ್ಟೇ ಜನ. ಕಾರ್ನಾಡರು ಮಾಡಿದ ಒಂದು ಬದಲಾವಣೆ ಇಡೀ ಕಥೆಯನ್ನು ತಿರುಗಿಸಿಬಿಟ್ಟಿದೆ: ಅಲ್ಲಿ ಜೈನಳು ರಾಣಿ. ಅವಳನ್ನು ಮದುವೆಯಾಗಿ ರಾಜ ಆ ದಾರಿಗೆ ಬಂದವನು, ಬಲಿ ಕೊಡುವ ಪದ್ಧತಿ ತಾಯಿಯದು. ಜನ್ನನಲ್ಲಿ ಹಿಂಸೆಯ ಕೊನೆಯ ಕೊಂಡಿಯಾದವಳು ಇಲ್ಲಿ ಹಿಂಸೆಗೆ ಎದುರು ನಿಲ್ಲುವವಳು. ಹಿಟ್ಟಿನದಾದರೂ ಸರಿ, ಕೊಲ್ಲುವ ಆಟ ಆಡಲಾರೆ ಎನ್ನುವಷ್ಟು ಗಟ್ಟಿ. ಓದಿ ಮುಗಿಸಿದ ರಾತ್ರಿ ಹಾಸ್ಟೆಲ್ಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಮೇಷ್ಟ್ರ ನೋಟ್ಸಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಲಾರದು ಅನ್ನಿಸಿತ್ತು.

ಕೆಲಸಕ್ಕೆ ಸೇರಿ ನಾನೇ ಪಾಠ ಮಾಡತೊಡಗಿದಾಗ ಕಾವ್ಯವನ್ನೂ ನಾಟಕವನ್ನೂ ಜೊತೆಗಿಟ್ಟುಕೊಂಡು ಹೇಳುತ್ತಿದ್ದೆ. ಯಾವ ಪದ್ಯವನ್ನೂ ಮನೆಗೆ ಕಳಿಸುತ್ತಿರಲಿಲ್ಲ. ಹುಡುಗಿಯರ ಮುಖ ಅರಳುವುದು ಕಾಣುತ್ತಿತ್ತು. ಹೊಡೆತದ ಪದ್ಯ ಬಂದಾಗ ಮಾತ್ರ ತರಗತಿ ಮುದುಡುತ್ತಿತ್ತು. ಆ ಹೊತ್ತು ದಾಟಿಸಲು ನನ್ನ ಹತ್ತಿರ ಒಳ್ಳೆಯ ಮಾತುಗಳಿದ್ದವು, ಅಮ್ಮನಿಗೆ ಹೇಳಲು ಮಾತ್ರ ಯಾವುದೂ ಇರಲಿಲ್ಲ. ಒಂದು ಸಲ ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ತಳದಲ್ಲಿ ಸಾಲಾಗಿ ಆನೆಗಳಿವೆಯಲ್ಲ, ಎಲ್ಲ ಪಟ್ಟಿಕೆಗಳಿಗಿಂತ ಕೆಳಗೆ, ಮೇಲಿನ ಭಾರವನ್ನೆಲ್ಲ ಹೊತ್ತುಕೊಂಡು. ಕೆಲವು ಆನೆಗಳ ಮೇಲೆ ಪುಟ್ಟ ಪುಟ್ಟ ಮನುಷ್ಯರು. ಒಬ್ಬ ಹುಡುಗ ಅಲ್ಲಿ ಕುಕ್ಕರುಗಾಲಲ್ಲಿ ಕೂತು, 'ಮೇಡಂ, ನಿಮ್ಮ ಹೀರೋ ಇಲ್ಲಿದಾನೆ' ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಜನ್ನ ಈ ಗೋಡೆಯ ಪಕ್ಕ ನಡೆದಾಡಿದ್ದಿರಬಹುದು. ದೇವರುಗಳನ್ನು ನೋಡಲು ಕತ್ತೆತ್ತಬೇಕು, ಮಾವುತನನ್ನು ನೋಡಲು ಕೂರಬೇಕು.

ಆಮೇಲೆ ಮೌಲ್ಯಮಾಪನದ ಕೊಠಡಿಗಳು. ಬೇಸಿಗೆಯ ಸೆಕೆಯಲ್ಲಿ ಕಟ್ಟಿನ ಮೇಲೆ ಕಟ್ಟು ಉತ್ತರ ಪತ್ರಿಕೆ. ಕಾಲ ಬದಲಾದದ್ದು ನನಗೆ ಗೊತ್ತಾದದ್ದು ಅಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪತ್ರಿಕೆಗಳಲ್ಲಿ 'ಕುಲಟೆ' ಎಂದಿರುತ್ತಿತ್ತು. ಬರುಬರುತ್ತಾ ಅದು 'ದಿಟ್ಟೆ'ಯಾಯಿತು. ಅಷ್ಟಕ್ಕೆ ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಒಂದರ ಮೇಲೊಂದು ಓದುತ್ತಾ ಹೋದ ಹಾಗೆ ಜನ್ನನ ರಾಣಿ ಪ್ರಾಣಿಬಲಿಯನ್ನು ವಿರೋಧಿಸಿದಳೆಂದೂ, ಅಹಿಂಸೆಗಾಗಿ ಪ್ರಾಣ ಕೊಟ್ಟಳೆಂದೂ ಬರೆದವರು ಸಿಗತೊಡಗಿದರು. ನಾಟಕದ ರಾಣಿ ಕಾವ್ಯದೊಳಗೆ ನುಗ್ಗಿ ಅಲ್ಲಿದ್ದವಳನ್ನು ಹೊರದಬ್ಬಿದ್ದಳು. ವಿಷ ಇಕ್ಕಿದ್ದು ಎಲ್ಲೂ ಇಲ್ಲ. ಮೊದಲು ಹಾಡನ್ನು ಕೇಳಿಸಿಕೊಳ್ಳದೆ ಅವಳನ್ನು ಶಿಕ್ಷಿಸಿದೆವು. ಈಗ ಬಟ್ಟಲನ್ನು ಬಚ್ಚಿಟ್ಟು ಬಿಡುಗಡೆ ಮಾಡುತ್ತಿದ್ದೇವೆ. ಕಾರ್ನಾಡರ ರಾಣಿಯನ್ನು ಪ್ರೀತಿಸುವುದು ಕಷ್ಟವಲ್ಲ, ಅವಳ ಕೈ ಶುದ್ಧವಾಗಿದೆ. ಜನ್ನನವಳು ಹಾಗಲ್ಲ, ಅವಳನ್ನು ಪ್ರೀತಿಸಬೇಕಾದರೆ ಅವಳು ಬಡಿಸಿದ ಊಟವನ್ನೂ ಎದುರಿಗಿಟ್ಟುಕೊಂಡೇ ಪ್ರೀತಿಸಬೇಕು. ನನ್ನ ಮಟ್ಟಿಗೆ ಅವಳೇ ದೊಡ್ಡವಳು.

ನಿವೃತ್ತಿಯ ನಂತರ ಇನ್ನೊಮ್ಮೆ ಓದಿದಾಗ ಕಂಡದ್ದು ಬೇರೆ. ಈ ಕಥೆಯನ್ನು ಹೇಳುತ್ತಿರುವವನು ಯಾರು? ಮಾರಿದತ್ತನೆಂಬ ಅರಸ ಚಂಡಮಾರಿಗೆ ನರಬಲಿ ಕೊಡಲು ಎಳೆಯ ಅಣ್ಣ ತಂಗಿಯರನ್ನು ಹಿಡಿಸಿ ತಂದಿದ್ದಾನೆ, ಅಭಯರುಚಿ ಮತ್ತು ಅಭಯಮತಿ. ಕತ್ತಿ ಎತ್ತಿದ ಅರಸನೆದುರು ಆ ಹುಡುಗ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಆ ಹುಡುಗನೇ ಹಿಂದೆ ಯಶೋಧರ, ತಂಗಿಯೇ ಚಂದ್ರಮತಿ. ಅಂದರೆ ಅಮೃತಮತಿಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಅವಳು ಕೊಂದ ಗಂಡನ ಬಾಯಿಂದ. ದಾಸಿಯೂ ರಾಣಿಯೂ ಗುಟ್ಟಾಗಿ ಆಡಿದ ಮಾತು ಮಲಗಿದ್ದ ಅರಸನಿಗೆ ತಿಳಿದದ್ದು ಹೇಗೆ ಎಂದು ಯಾವ ತರಗತಿಯಲ್ಲೂ ಯಾರೂ ಕೇಳಲಿಲ್ಲ. ಇನ್ನೂ ಒಂದಿದೆ. ಈ ಹುಡುಗ ಹುಡುಗಿ ಹುಟ್ಟಿರುವುದು ಯಶೋಮತಿಯ ಮಕ್ಕಳಾಗಿ. ಯಶೋಮತಿ ಅಮೃತಮತಿಯ ಮಗ. ಹಾಗಾದರೆ ಮೊಮ್ಮಗ ತನ್ನ ಅಜ್ಜಿಯ ಕಥೆಯನ್ನು ಹೇಳುತ್ತಿದ್ದಾನೆ! ಅಷ್ಟೆಲ್ಲ ಜನ್ಮ ತಿರುಗಿ ಬಂದು ಮತ್ತೆ ಅದೇ ಮನೆಯಲ್ಲಿ ಹುಟ್ಟಿದ್ದಾನೆ. ಈ ಸಂಬಂಧವನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದ ದಿನ ನನಗೆ ಮೈ ಜುಮ್ಮೆಂದಿತು. ಇಡೀ ಕಾವ್ಯ ಒಂದು ಮನೆಯೊಳಗಿನ ಮಾತು. ಒಂದು ಪಕ್ಷದವರು ಮಾತ್ರ ಆಡಿದ ಮಾತು.

ಹಾಗಂತ ಹೇಳುವವನು ಸುಳ್ಳ ಅನ್ನಲಾರೆ. ಅವನು ದೂರು ಹೇಳಲು ಕೂತವನಲ್ಲ. ಒಂದು ಹಿಟ್ಟಿನ ಕೋಳಿಗೆ ನಾವು ತೆತ್ತದ್ದು ಇಷ್ಟು, ನೀನು ಕೊಂದ ಜೀವಗಳಿಗೆ ಎಷ್ಟು ತೆರಬೇಕೋ ನೋಡಿಕೋ ಎಂದು ಮಾರಿದತ್ತನಿಗೆ ತಿಳಿಸುವುದು ಅವನ ಕೆಲಸ. ರಾಣಿ ಅದರಲ್ಲಿ ಬಂದು ಹೋಗುವವಳು. ಹಾಗಿದ್ದೂ ಅವಳ ಮಾತಿಗೆ ಅಷ್ಟು ಬಿಸಿ ಉಳಿದಿದೆಯೆಂದರೆ, ಅಷ್ಟು ಜನ್ಮಗಳಾದರೂ ಗಂಡ ಅದನ್ನು ಮರೆತಿಲ್ಲ. ನವಿಲಾಗಿ ಹುಟ್ಟಿ ಅದೇ ಅರಮನೆ ಸೇರಿ, ಅವರಿಬ್ಬರನ್ನು ಒಟ್ಟಿಗೆ ಕಂಡಾಗ ಮೇಲೆರಗುವವನೂ ಅವನೇ ತಾನೆ.

ಯಶೋಧರನ ಬಗ್ಗೆಯೂ ನನ್ನ ಅಭಿಪ್ರಾಯ ಎರಡು ಮೂರು ಸಲ ಮಗುಚಿದೆ. ಮೇಷ್ಟ್ರ ಕಾಲದಲ್ಲಿ ಅವನು ಧೀರೋದಾತ್ತ. ನಾನು ಪಾಠ ಮಾಡುವಾಗ ಹೆಂಡತಿಯ ಮನಸ್ಸು ತಿಳಿಯದ ಮಂಕು. ಈಗ ಅವನ ಒಂದು ಸಣ್ಣ ನಡತೆ ನನ್ನನ್ನು ಕಾಡುತ್ತದೆ. ಎಲ್ಲವನ್ನೂ ಕಂಡ ಮರುದಿನ ಅವನು ರಾಣಿಯನ್ನು ಏನೂ ಕೇಳುವುದಿಲ್ಲ. ಸರಸದಂತೆ ನೈದಿಲೆಯೊಂದರಿಂದ ಅವಳಿಗೆ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಹೂವಿನ ಪೆಟ್ಟಿಗೇ ಹೀಗಾಯಿತೇ, ಪುಣ್ಯಕ್ಕೆ ಉಳಿದೆ ಎಂಬ ಧಾಟಿಯಲ್ಲಿ ಕೊಂಕು ಆಡುತ್ತಾನೆ. ಹಿಂದಿನ ರಾತ್ರಿ ಮಾವುತನ ಹೊಡೆತ ತಿಂದು ಕಾಲು ಹಿಡಿದದ್ದನ್ನು ಕಣ್ಣಾರೆ ನೋಡಿ ಬಂದವನು ಆಡುವ ಮಾತು ಅದು. ಕತ್ತಿ ಬೀಸದಿರುವಷ್ಟು ಸಂಯಮ ಅವನಿಗಿದೆ, ಕೇಳಿಬಿಡುವಷ್ಟು ಧೈರ್ಯವಿಲ್ಲ. ರಾಣಿಗೆ ಆ ಕೊಂಕಿನಲ್ಲೇ ಎಲ್ಲ ಅರ್ಥವಾಗಿರಬೇಕು. ಮುಂದಿನದೆಲ್ಲ ಅದರಿಂದ ಹುಟ್ಟಿದ್ದು ಎಂದು ನಾನು ನಂಬಿದ್ದೇನೆ. ತಾಯಿಗೂ ನಿಜ ಹೇಳದೆ ಕನಸಿನ ಕಥೆ ಕಟ್ಟಿದ, ದೇವಿಗೂ ನಿಜವಾದ ಕೋಳಿ ಕೊಡಲಿಲ್ಲ, ಹೆಂಡತಿಗೂ ಹೂವಿನಲ್ಲಿ ಹೊಡೆದ. ಅವನು ಮಾಡಿದ್ದೆಲ್ಲ ಹಿಟ್ಟಿನದೇ.

ವಠಾರದ ಹೆಂಗಸು ನಾನು ಮೈಸೂರಿನಲ್ಲಿದ್ದಾಗಲೇ ಊರು ಬಿಟ್ಟಿದ್ದಳು. ಅವನ ಜೊತೆಗೋ, ಅವನನ್ನು ಬಿಟ್ಟೋ, ಅಮ್ಮನಿಗೂ ತಿಳಿಯಲಿಲ್ಲ. ಅವಳು ಯಾರನ್ನೂ ಕೊಂದಿರಲಿಲ್ಲ, ಅವಳ ಗಂಡ ಅರಸನಾಗಿರಲಿಲ್ಲ, ಕ್ಲಾರಿಯೋನೆಟ್ಟಿನವನು ಕುರೂಪಿಯೂ ಆಗಿರಲಿಲ್ಲ. ನಮ್ಮ ಹುಡುಗರು ಹೊದಿಸಿದ ಹೆಸರಿನಲ್ಲಿ ಅವಳಿಗೆ ಹೊಂದುತ್ತಿದ್ದದ್ದು ಹೊಡೆತ ಒಂದೇ, ಅದು ಹುಡುಗರಿಗೆ ಗೊತ್ತೇ ಇರಲಿಲ್ಲ. ಅವಳ ನಿಜವಾದ ಹೆಸರನ್ನು ನಾನು ಒಮ್ಮೆಯೂ ಕೇಳಿಸಿಕೊಂಡ ನೆನಪಿಲ್ಲ. ಅಮ್ಮ ಅವಳನ್ನು 'ಬಾರಮ್ಮ' ಎನ್ನುತ್ತಿದ್ದರು.

ಗೆಳತಿ ಎಂ.ಎ. ಮಾಡಲಿಲ್ಲ. ಮದುವೆಯಾಗಿ ಶಿವಮೊಗ್ಗದ ಕಡೆ ಹೋದಳು, ಕೂಡುಕುಟುಂಬ ಸಂಭಾಳಿಸಿದಳು, ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ಹಲವಾರು ವರ್ಷ ಕಳೆದಳು. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡುತ್ತಾಳೆ. ಮಹಡಿ ಮನೆ ಹುಡುಗಿಯ ಝೆರಾಕ್ಸಿನ ವಿಷಯ ಹೇಳಿದೆ. 'ಅನಿವಾರ್ಯವಾಗಿ'ಯನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ನಾನು ಮೊಮ್ಮಗನ ವಿಷಯ, ನೈದಿಲೆಯ ವಿಷಯ, ಏಕಪಕ್ಷೀಯ ಸಾಕ್ಷಿಯ ವಿಷಯ ಎಲ್ಲ ಹೇಳಿ, ಈಗೇನಂತೀಯ ಎಂದೆ.

'ಗಂಡನಿಗೆ ವಿಷ ಹಾಕಿದ್ದು ನಂಗೆ ಅರ್ಥ ಆಗುತ್ತೆ ಕಣೇ. ಒಪ್ಪಲ್ಲ, ಅರ್ಥ ಆಗುತ್ತೆ. ಆ ಮುದುಕಿ ಏನ್ ಮಾಡಿದ್ಲು? ಮಗ ಅವಳ ಹತ್ರ ಕನಸು ಅಂತ ತಾನೇ ಹೇಳಿದ್ದು? ಅವಳಿಗೆ ಈ ಹಾಡು, ಮಾವುತ, ಏನಾದ್ರೂ ಗೊತ್ತಿತ್ತಾ?'

'ಗೊತ್ತಿರಲಿಲ್ಲ.'

'ಮತ್ತೆ?'

'ಒಂದೇ ಪಂಕ್ತಿ. ಇಬ್ಬರೂ ಊಟಕ್ಕೆ ಬಂದಿದ್ರು. ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಿಡೋಕಾಗಲ್ಲ. ಸಾಕ್ಷಿ ಉಳಿಯುತ್ತೆ.'

'ಅದು ಪೊಲೀಸಿನವರಿಗೆ ಹೇಳೋ ಉತ್ತರ. ನೀನು ಮೂವತ್ತು ವರ್ಷ ಪಾಠ ಮಾಡಿದೋಳು, ಬೇರೆ ಹೇಳು.'

ಬೇರೆ ಮೂರು ಹೇಳಿ ನೋಡಿದೆ. ಅತ್ತೆಯ ದೇವಿಪೂಜೆ, ಸೊಸೆಯ ಮೇಲೆ ಅವಳಿಗಿದ್ದ ಅಧಿಕಾರ, ಅಂತಃಪುರದ ರಾಜಕೀಯ. ಕೊಲೆಗೆ ಕಾರಣವಾಗಿ ಇವೊಂದೂ ಕಾವ್ಯದಲ್ಲಿಲ್ಲ ಎಂದು ಅವಳು ಅಲ್ಲಲ್ಲೇ ತುಂಡರಿಸಿದಳು. ಪುಸ್ತಕ ಅವಳ ಪಕ್ಕದಲ್ಲೇ ಇತ್ತೆಂದು ಕಾಣುತ್ತದೆ, ಹಾಳೆ ಮಗುಚುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಕೊನೆಗೆ, 'ಸರಿ, ನೀನೇ ಹೇಳು' ಎಂದೆ.

'ನಂಗೂ ಗೊತ್ತಿಲ್ಲ. ನಾಳೆ ಮಾಡ್ತೀನಿ, ಹಾಲು ಉಕ್ತಿದೆ' ಎಂದು ಇಟ್ಟುಬಿಟ್ಟಳು.